ಜಿಲ್‌ಳ ಬೋಳುತಲೆ, ನನ್ನ ಅಲಿಬಿ

ಬಾಗಿಲು ತೆರೆದ ಹುಡುಗಿಯ ತಲೆ ಬೋಳಾಗಿತ್ತು. ಹೊಸದಾಗಿ ಬೋಳಿಸಿದ್ದು, ನೆತ್ತಿಯ ಚರ್ಮ ಇನ್ನೂ ಬೆಳ್ಳಗೆ ಬಿಳಿಚಿಕೊಂಡಿತ್ತು. ವಯಸ್ಸು ಇಪ್ಪತ್ತೆರಡು ದಾಟಿರಲಾರದು. ೧೯೭೮ರ ಚಳಿಗಾಲದ ಆರಂಭದಲ್ಲಿ, ಇಂಗ್ಲೆಂಡಿನ ಲೀಡ್ಸ್ ಎಂಬ ಊರಿನ ಒಂದು ಇಟ್ಟಿಗೆ ಓಣಿಯಲ್ಲಿ, ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ವಿಳಾಸದ ಚೀಟಿ ಹಿಡಿದುಕೊಂಡು ನಾನು ನಿಂತಿದ್ದೆ. "ನಮಸ್ಕಾರ, ನಾನು ಆಸ್ಪತ್ರೆಯ ಹೊಸ ನರ್ಸು, ಬಾಡಿಗೆ ಕೋಣೆಗಾಗಿ ಬಂದಿದ್ದೇನೆ" ಎಂಬುದನ್ನು ವಿಮಾನ ಹತ್ತಿದಾಗಿನಿಂದ ಇಂಗ್ಲಿಷಿನಲ್ಲಿ ಉರುಹೊಡೆದಿದ್ದೆ. ಆ ತಲೆ ಕಂಡದ್ದೇ ತಡ, ಎಲ್ಲ ಮರೆತುಹೋಯಿತು. ಬಾಯಿಂದ ಹೊರಟದ್ದು ಬೇರೆಯೇ ಮಾತು. "ಅಯ್ಯೋ ಪಾಪ, ನಿನ್ನ ಗಂಡ ತೀರಿಕೊಂಡು ಎಷ್ಟು ದಿನ ಆಯಿತು?" ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿಬಿಟ್ಟೆ.

ಶಿಗ್ಗಾಂವ, ಸವಣೂರ ಕಡೆಯ ಹಿರಿಯ ಓದುಗರಿಗೆ ನಾನು ಹಾಗೇಕೆ ಕೇಳಿದೆನೆಂದು ಬಿಡಿಸಿ ಹೇಳಬೇಕಾಗಿಲ್ಲ. ತಿರುಪತಿಯ ಹರಕೆ ಬಿಟ್ಟರೆ ನಮ್ಮ ವೈಷ್ಣವರ ಮನೆಗಳಲ್ಲಿ ಹೆಂಗಸಿನ ತಲೆ ಬೋಳಾಗಲು ಒಂದೇ ಕಾರಣ. ನಮ್ಮ ಮನೆಯಲ್ಲಿಯೇ ಸೋದರತ್ತೆ ಇದ್ದಳು, ಅಪ್ಪನ ಅಕ್ಕ. ಹನ್ನೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಶಿಗ್ಗಾಂವಕ್ಕೆ ಮರಳಿ ಬಂದವಳು, ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಎಳೆದುಕೊಂಡು ಜೀವಮಾನವಿಡೀ ನಮ್ಮ ಮನೆಯ ಮಡಿಮೈಲಿಗೆಯ ಕಾರಭಾರ ನಡೆಸಿದಳು. ಅವಳ ತಲೆಯನ್ನು ನೋಡುತ್ತಲೇ ನಾನು ಬೆಳೆದೆ. ಏಳು ಸಮುದ್ರ ದಾಟಿ ಬಂದರೂ ಬಾಗಿಲಲ್ಲಿ ಅದೇ ತಲೆ ನನ್ನನ್ನು ಎದುರುಗೊಂಡಿತ್ತು.

ಹುಡುಗಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಒಳಗೆ ತಿರುಗಿ, "ಹೊಸದಾಗಿ ಬಂದವಳು ಇನ್ನೂ ಹುಟ್ಟದ ನನ್ನ ಗಂಡನನ್ನು ಕೊಂದುಹಾಕಿದಳು" ಎಂದು ಮನೆಯೊಡತಿಗೆ ಕೂಗಿ ಹೇಳಿ, ಮೆಟ್ಟಿಲ ಮೇಲೆ ಕುಸಿದು ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮಾತು ನನಗೆ ಎಲ್ಲಿ ನಾಟಿತೆಂದು ಪಾಪ ಅವಳಿಗೆ ಗೊತ್ತಿರಲಿಲ್ಲ. ಅವಳೇ ಜಿಲ್. ಹಗಲು ಗಂಡಸರ ಕೋಟು ಹೊಲಿಯುವ ಕಾರಖಾನೆಯಲ್ಲಿ ಕೆಲಸ, ರಾತ್ರಿ ಪಂಕ್ ಹಾಡುಗಾರಿಕೆ. ಪಂಕ್ ಅಂದರೆ ಆಗ ಆ ದೇಶದ ಹುಡುಗ ಹುಡುಗಿಯರು ಎಬ್ಬಿಸಿದ್ದ ಹೊಸ ಹುಯಿಲು: ಗಿಟಾರು, ಡ್ರಮ್ಮು, ಶ್ರುತಿಯ ಹಂಗಿಲ್ಲದ ಹಾಡು, ಹರಿದ ಅಂಗಿ, ಅಂಗಿಯ ತುಂಬ ಪಿನ್ನು. ಮನೆಯೊಡತಿಯ ಸತ್ತ ಗಂಡನ ಕ್ಷೌರದ ಕತ್ತಿಯಿಂದ ತನ್ನ ತಲೆಯನ್ನು ತಾನೇ ಬೋಳಿಸಿಕೊಂಡಿದ್ದಳು, ಯಾರೂ ಹೇಳದೆ, ಬರೀ ಮನಸ್ಸಿಗೆ ಬಂತೆಂದು. ಅದನ್ನು ನಂಬಲು ನನಗೆ ಬಹಳ ದಿನ ಹಿಡಿಯಿತು.

ಇನ್ನು ನನ್ನ ಸಂಗತಿ. ನಾನೂ ವಿಧವೆಯೇ. ಅಪ್ಪ ಶಿಗ್ಗಾಂವದ ಸಾಲೆಯಲ್ಲಿ ಸಂಸ್ಕೃತ ಮಾಸ್ತರರು. ವ್ಯಾಸಪೀಠದ ಮೇಲೆ ಭಾಗವತ ಇಟ್ಟುಕೊಂಡು, ಅದರ ಕೆಳಗೆ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಬಾಡಿಗೆಗೆ ತಂದ ಪತ್ತೇದಾರಿ ಕಾದಂಬರಿ ಓದುತ್ತಿದ್ದರು. ಅವರು ಓದಿ ಮುಗಿಸಿದ್ದು ನನ್ನ ಪಾಲಿಗೆ ಬರುತ್ತಿತ್ತು. ಹಿರೇಕೆರೂರಿಗೆ ನನ್ನನ್ನು ಮದುವೆ ಮಾಡಿಕೊಟ್ಟರು. ಗಂಡ ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ತರರು, ಮೆತ್ತಗಿನ ಮನುಷ್ಯ. ವರ್ಷ ತುಂಬುವುದರೊಳಗೆ ಒಂದು ದಿನ ಪರೀಕ್ಷೆಯ ಕೆಲಸಕ್ಕೆಂದು ಹಾನಗಲ್ಲಿಗೆ ಹೋದವರು ಅಲ್ಲಿಯೇ ಎದೆ ಹಿಡಿದುಕೊಂಡು ಕುಸಿದರಂತೆ. ಹೆಣದ ಹಿಂದೆಯೇ ಮಾತೂ ಮನೆಗೆ ಬಂತು: ಇವಳ ಕಾಲ್ಗುಣ. ಪತ್ತೇದಾರಿ ಕಾದಂಬರಿಯಲ್ಲಿ ಒಂದು ಸಾವಿಗೆ ಇನ್ನೂರು ಪುಟ ವಿಚಾರಣೆ ನಡೆಯುತ್ತದೆ. ನಮ್ಮಲ್ಲಿ ಗಂಡ ಸತ್ತರೆ ಮಾಡಿದವರು ಯಾರೆಂದು ಅಡುಗೆಮನೆಯಲ್ಲಿಯೇ ಇತ್ಯರ್ಥವಾಗಿರುತ್ತದೆ.

ಅಪ್ಪ ನನ್ನ ಕೂದಲು ಮುಟ್ಟಗೊಡಲಿಲ್ಲ. ಸೋದರತ್ತೆ ಉಪವಾಸ ಕುಳಿತರೂ ಜಗ್ಗದೆ ನನ್ನನ್ನು ಹುಬ್ಬಳ್ಳಿಗೆ ನರ್ಸಿಂಗ್ ಕಲಿಯಲು ಕಳಿಸಿದರು. ಆದರೆ ಕೂದಲು ಉಳಿದಷ್ಟು ಸುಲಭವಾಗಿ ಬೇರೆಯದೆಲ್ಲ ಉಳಿಯಲಿಲ್ಲ. ಇಂಗ್ಲೆಂಡಿಗೆ ಹೊರಟ ದಿನ ಅವ್ವ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಕುಬಸದ ಖಣ ಇಟ್ಟುಕೊಂಡು ಪಡಸಾಲೆಗೆ ಬಂದಳು. ಊರಿಗೆ ಹೊರಟ ಮಗಳ ಉಡಿ ತುಂಬದೆ, ಸೆರಗಿಗೆ ಮಡಿಲಕ್ಕಿ ಹಾಕದೆ ಯಾವ ತಾಯಿ ಕಳಿಸುತ್ತಾಳೆ? ಸೋದರತ್ತೆ ದೇವರ ಮನೆಯಿಂದಲೇ ಕೇಳಿದಳು, "ಯಾರಿಗೆ ತುಂಬಾಕಿ ನೀ? ಆಕಿ ಮುತ್ತೈದಿಯೇನು?" ಅವ್ವ ತಟ್ಟೆಯನ್ನು ಹಾಗೆಯೇ ಒಳಗೆ ಒಯ್ದಳು. ನಾನು ಎಲ್ಲರಿಗೂ ನಮಸ್ಕಾರ ಮಾಡಿ ಬರಿಯ ಸೆರಗಿನಲ್ಲಿ ಬಸ್ಸು ಹತ್ತಿದೆ. ಗಂಡ ಸತ್ತಾಗ ಅತ್ತದ್ದಕ್ಕಿಂತ ಅಂದು ಹೆಚ್ಚು ಅತ್ತೆ ಎಂದು ಹೇಳಿದರೆ ತಪ್ಪು ತಿಳಿಯಬೇಡಿ.

ಮನೆಯೊಡತಿಯ ಹೆಸರು ಎಡ್ನಾ. ನಾನು ಮನಸ್ಸಿನಲ್ಲಿ ಎಡ್ನಾಬಾಯಿ ಎನ್ನುತ್ತಿದ್ದೆ. ಅರವತ್ತರ ಮೇಲಾಗಿತ್ತು, ಅವಳೂ ವಿಧವೆ. ಆದರೆ ತುಟಿಗೆ ಬಣ್ಣ, ಕೋಟಿಗೆ ಹೂವು, ಶನಿವಾರ ಗೆಳತಿಯರ ಜೊತೆ ಇಸ್ಪೀಟು. ಮೊದಮೊದಲು ಅವಳ ಇಂಗ್ಲಿಷು ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಅವರು ರಾತ್ರಿಯೂಟಕ್ಕೆ 'ಟೀ' ಎನ್ನುತ್ತಾರೆ. ಸಂಜೆ ಟೀ ಕುಡಿಯಲು ಕರೆದಳೆಂದು ಹೋದರೆ ಮುಂದೆ ಬೇಯಿಸಿದ ಆಲೂಗಡ್ಡೆಯ ರಾಶಿ. ಮತ್ತೆ ಎಲ್ಲರನ್ನೂ 'ಲವ್' ಎಂದು ಕರೆಯುವುದು. ಬಸ್ಸಿನ ಕಂಡಕ್ಟರು ಟಿಕೆಟು ಕೊಡುತ್ತ 'ಲವ್' ಎಂದಾಗ ನಾನು ಮುಂದಿನ ಸ್ಟಾಪಿನಲ್ಲಿಯೇ ಇಳಿದು ಆಸ್ಪತ್ರೆಯವರೆಗೆ ನಡೆದುಹೋಗಿದ್ದೆ. ನಮ್ಮ ಕಡೆ 'ಯಕ್ಕಾ' ಎನ್ನುತ್ತಾರಲ್ಲ, ಅಷ್ಟೇ ಅದರ ಬೆಲೆ ಎಂದು ಎಡ್ನಾಬಾಯಿ ತಿಳಿಸಿ ಹೇಳಿದ ಮೇಲೆ ಸಮಾಧಾನವಾಯಿತು.

ಚಳಿ, ಕತ್ತಲೆ, ಒಂಟಿತನ ಇವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೊರದೇಶದಿಂದ ಬರೆಯುವವರೆಲ್ಲ ಅದನ್ನೇ ಬರೆಯುತ್ತಾರೆ. ಮಧ್ಯಾಹ್ನ ಮೂರೂವರೆಗೆ ಹೊತ್ತು ಮುಳುಗಿದರೆ ಮನುಷ್ಯ ಏನು ಮಾಡಬೇಕು? ನಾನು ಗುಜರಾತಿಯೊಬ್ಬರ ಅಂಗಡಿ ಹುಡುಕಿ ಸಜ್ಜೆ ಹಿಟ್ಟು ತಂದು ರೊಟ್ಟಿ ಬಡಿದೆ. ಆ ಸಪ್ಪಳಕ್ಕೆ ಪಕ್ಕದ ಮನೆಯವರು ಗೋಡೆ ತಟ್ಟಿದರು. ಶೇಂಗಾ ಚಟ್ನಿ ಪುಡಿಯನ್ನು ಎಡ್ನಾಬಾಯಿ ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿಂದು, ಕಣ್ಣಲ್ಲಿ ನೀರು ಸುರಿಸುತ್ತ ಇನ್ನಷ್ಟು ಕೇಳಿದಳು. ಅದು ಆ ದೇಶದಲ್ಲಿ ನನ್ನ ಮೊದಲ ಗೆಲುವು.

ಎರಡನೆಯ ಗೆಲುವು ಪುಸ್ತಕಗಳದ್ದು. ಎಡ್ನಾಬಾಯಿ ವಾರಕ್ಕೊಮ್ಮೆ ಸರಕಾರಿ ಗ್ರಂಥಾಲಯದಿಂದ ಚೀಲ ತುಂಬ ಕೊಲೆಯ ಕಾದಂಬರಿಗಳನ್ನು ಹೊತ್ತು ತರುತ್ತಿದ್ದಳು. ಆ ಊರಿನ ಮುದುಕಿಯರಿಗೆಲ್ಲ ಅದೇ ಚಟ. ಒಮ್ಮೆ ಓದಿದ್ದನ್ನು ಮತ್ತೆ ತರಬಾರದೆಂದು ಪ್ರತಿಯೊಬ್ಬಳೂ ಪುಸ್ತಕದ ಯಾವುದೋ ಮೂಲೆಯಲ್ಲಿ ಪೆನ್ಸಿಲಿನಿಂದ ತನ್ನದೊಂದು ಸಣ್ಣ ಗುರುತು ಹಾಕುತ್ತಿದ್ದಳು, ಒಬ್ಬಳದು ಚುಕ್ಕೆ, ಒಬ್ಬಳದು ಹಕ್ಕಿಯ ಕಾಲು. ನಮ್ಮ ಶಿಗ್ಗಾಂವದಲ್ಲಿ ಓದುಗರು ಮೊದಲ ಪುಟದಲ್ಲಿಯೇ ಕೊಲೆಗಾರನ ಹೆಸರು ಬರೆದಿಟ್ಟು ಉಳಿದವರ ರುಚಿ ಕೆಡಿಸುತ್ತಿದ್ದರು. ಇವರದು ಒಳ್ಳೆಯ ಪದ್ಧತಿ ಎನ್ನಿಸಿ ನಾನೂ ಕನ್ನಡದ 'ಶಿ' ಎಂಬ ಅಕ್ಷರ ಬರೆಯತೊಡಗಿದೆ. ಇದು ಯಾವ ಮುದುಕಿಯದು, ಸುರುಳಿ ಸುತ್ತಿದ ಬಸವನಹುಳು ಇದ್ದ ಹಾಗಿದೆ ಎಂದು ಇಸ್ಪೀಟಿನ ಮನೆಯಲ್ಲಿ ಚರ್ಚೆಯಾಯಿತಂತೆ.

ಹೀಗೆ ಒಗ್ಗಿಕೊಳ್ಳುತ್ತಿರುವಾಗಲೇ ಜಿಲ್‌ಗೆ ನನ್ನ ಮೇಲೆ ಸಿಟ್ಟು ಬಂತು. ಅವಳು ರಾತ್ರಿ ಹಾಡಲು ಹೊರಟಾಗಲೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ತನ್ನ ತಲೆ, ತನ್ನ ಹಾಡು, ತನ್ನ ಹರಕು ಅಂಗಿ ನನಗೆ ಹೇಸಿಗೆಯಾಗಿ ಕಾಣುತ್ತವೆ ಎಂದು ಅವಳು ತಿಳಿದಳು. ನಿಜ ಬೇರೆ ಇತ್ತು. ಕೆಲಸಕ್ಕೆ ಹೊರಟವರಿಗೆ ವಿಧವೆ ಎದುರಾಗಬಾರದು. ಹಿರೇಕೆರೂರಿನಲ್ಲಿ ಆ ಪಾಠ ನನಗೆ ಚೆನ್ನಾಗಿ ಕಲಿಸಿದ್ದರು. ಹುಡುಗಿಯ ಹಾಡು ಕೆಡದಿರಲಿ ಎಂದು ನಾನು ಅಡಗಿಕೊಳ್ಳುತ್ತಿದ್ದೆ. ಒಂದು ಸಂಜೆ ಎಡ್ನಾಬಾಯಿ ನನ್ನನ್ನು ಬೆಂಕಿಯ ಮುಂದೆ ಕೂಡಿಸಿಕೊಂಡು, ಮಗು ಅಳುತ್ತ ಹೋಯಿತು, ನಿನಗೆ ಅವಳ ಮೇಲೆ ಏನು ಹಗೆ ಎಂದು ಕೇಳಿದಳು. ಆಗ ಎಲ್ಲವನ್ನೂ ಹೇಳಿಬಿಟ್ಟೆ. ಹಾನಗಲ್ಲು, ಕಾಲ್ಗುಣ, ತಟ್ಟೆ ಒಳಗೆ ಹೋದದ್ದು ಎಲ್ಲ. ನನ್ನ ಕೈ ಹತ್ತಿದ್ದು ಕೆಡುತ್ತದೆ, ನನಗೇ ಅದರ ಅಂಜಿಕೆ ಇದೆ ಎಂದೂ ಹೇಳಿದೆ.

ಅವಳು ಮರುಕ ತೋರಿಸುತ್ತಾಳೆಂದು ತಿಳಿದಿದ್ದೆ. ಅವಳು ಓದುತ್ತಿದ್ದ ಪುಸ್ತಕದಲ್ಲಿ ಬೆರಳು ಇಟ್ಟುಕೊಂಡೇ ವಿಚಾರಣೆ ಶುರುಮಾಡಿದಳು. ಆ ಮಾತುಗಳು ನನ್ನ ಕಿವಿಯಲ್ಲಿ ಶಿಗ್ಗಾಂವದ ಕನ್ನಡದಲ್ಲಿಯೇ ಉಳಿದಿವೆ, ಹಾಗೆಯೇ ಬರೆಯುತ್ತೇನೆ.

"ಗಂಡ ಸತ್ತ ಹೊತ್ತಿನ್ಯಾಗ ನೀ ಎಲ್ಲಿದ್ದಿ?"

"ಹಿರೇಕೆರೂರಾಗ. ಅಡಗೀಮನ್ಯಾಗ ಹೆಸರಬ್ಯಾಳಿ ಹುರೀತಿದ್ದೆ."

"ಅಂವ?"

"ಹಾನಗಲ್ಲದಾಗ."

"ನೀ ಅಡಗೀಮನ್ಯಾಗ ಇದ್ದದ್ದು ಯಾರರ ನೋಡ್ಯಾರೇನು?"

"ಬಾಜೂಮನಿ ಪಾರ್ವತಕ್ಕ ಮಜ್ಜಗಿ ಒಯ್ಯಾಕ ಬಂದಿದ್ಲು."

ಎಡ್ನಾಬಾಯಿ ಪುಸ್ತಕ ಮುಚ್ಚಿದಳು. "ಮತ್ತ ನಿನಗ ಅಲಿಬಿ ಅದ. ಈ ಖಟ್ಲೆದಾಗ ನಿನ್ನ ಹೆಸರ ಬರಂಗಿಲ್ಲ."

ಅಲಿಬಿ ಅಂದರೆ, ಅಪರಾಧ ನಡೆದಾಗ ಆರೋಪಿ ಬೇರೆ ಕಡೆ ಇದ್ದನೆಂಬ ರುಜುವಾತು. ಆ ಶಬ್ದವನ್ನು ನೂರು ಕಾದಂಬರಿಗಳಲ್ಲಿ ಓದಿದ್ದೆ. ಅದು ನನಗೂ ಸಲ್ಲುತ್ತದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಶಾಸ್ತ್ರ ಬಲ್ಲವರಿದ್ದರು, ನನ್ನನ್ನು ಪ್ರೀತಿಸುವವರಿದ್ದರು. ನೀನು ಆಗ ಎಲ್ಲಿದ್ದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ನಗು ಬಂತು, ನಗುತ್ತಲೇ ಅಳು ಬಂತು. ಎಡ್ನಾಬಾಯಿ ನನ್ನ ಬೆನ್ನು ಸವರುತ್ತ, ಆಯಿತು ಲವ್, ಆಯಿತು ಎನ್ನುತ್ತಿದ್ದಳು. ಅವಳ ಆ ಉಪಕಾರವನ್ನು ನಾನು ಯಾವ ಜನ್ಮದಲ್ಲಿ ತೀರಿಸಲಿ?

ಆದರೆ ತಲೆಗೆ ತಿಳಿದದ್ದು ಮೈಗೆ ಅಷ್ಟು ಬೇಗ ತಿಳಿಯುವುದಿಲ್ಲ. ಮರುದಿನ ಜಿಲ್ ಹೊರಟಾಗ ನನ್ನ ಕಾಲು ತಾವಾಗಿಯೇ ಅಡುಗೆಮನೆಯ ಕಡೆ ತಿರುಗಿದವು. ಎಡ್ನಾಬಾಯಿಯಿಂದ ಎಲ್ಲ ಕೇಳಿದ್ದ ಜಿಲ್ ಅಡ್ಡ ನಿಂತು, ಎದುರಿಗೆ ನಿಂತರೆ ಸಾಲದು, ಜೊತೆಗೇ ಬರಬೇಕು ಎಂದು ಹಟ ಹಿಡಿದಳು. ಹೀಗೆ ನಾನು ಮೊದಲ 'ಗಿಗ್' ನೋಡಲು ಹೋದೆ. ಅವರು ಕಛೇರಿಗೆ ಹಾಗೆನ್ನುತ್ತಾರೆ.

ಒಂದು ಹೆಂಡದಂಗಡಿಯ ಕೆಳಗಿನ ನೆಲಮಾಳಿಗೆ. ಗೋಡೆಗಳು ಬೆವರುತ್ತಿದ್ದವು. ಬಂಕಾಪುರದ ನವಿಲಿನ ಹಾಗೆ ಜುಟ್ಟು ನಿಲ್ಲಿಸಿದ ಹುಡುಗರು, ಕೆನ್ನೆಗೆ ಪಿನ್ನು ಚುಚ್ಚಿಕೊಂಡ ಹುಡುಗಿಯರು. ನಾನು ಸೀರೆ ಜಾರಬಾರದೆಂದು ಹೆಗಲಿಗೆ, ಸೊಂಟಕ್ಕೆ, ನೆರಿಗೆಗೆ ಇದ್ದಬದ್ದ ಪಿನ್ನುಗಳನ್ನೆಲ್ಲ ಹಾಕಿಕೊಂಡಿದ್ದೆ. ಬಾಗಿಲಲ್ಲಿದ್ದ ಹುಡುಗಿ ಅವನ್ನು ಮುಟ್ಟಿ ನೋಡಿ, ನೀವು ಎಂದಿನಿಂದ ಪಂಕ್ ಎಂದು ಮರ್ಯಾದೆಯಿಂದ ಕೇಳಿದಳು. ಒಳಗೆ ಹಾಡುವವರ ಮೇಲೆ ಉಗುಳುವುದನ್ನು ಕಂಡು ನನಗೆ ದಿಗಿಲಾಯಿತು. ಅದು ಮೆಚ್ಚುಗೆಯಂತೆ. ಸವಣೂರ ಎಲೆ ಹಾಕಿಕೊಂಡು ಕಂಡಲ್ಲಿ ಉಗುಳುವವರ ನಾಡಿನಿಂದ ಬಂದ ನನಗೂ ಆ ಮೆಚ್ಚುಗೆ ಇಂದಿಗೂ ಮೆಚ್ಚುಗೆಯಾಗಿಲ್ಲ. ಜನ ನಿಂತಲ್ಲಿಯೇ ಎಗರಿ ಎಗರಿ ಕುಣಿಯುತ್ತಿದ್ದರು. ಜಿಲ್ ವೇದಿಕೆಗೆ ಬಂದು ಬಾಯಿ ತೆರೆದಳು.

ಸುಳ್ಳು ಹೇಳಲಾರೆ. ಶ್ರುತಿ ಎಲ್ಲಿಯೂ ನಿಲ್ಲಲಿಲ್ಲ. ಧಾರವಾಡದ ಸೀಮೆಯಲ್ಲಿ ಹುಟ್ಟಿ, ರೇಡಿಯೋದ ಮುಂದೆ ಕುಳಿತು ಖ್ಯಾಲು ಕೇಳುತ್ತ ಬೆಳೆದ ಕಿವಿ ನನ್ನದು. ಅದಕ್ಕೆ ಮೊದಲು ನೋವೇ ಆಯಿತು. ಆದರೆ ಸಂಗೀತದ ಹುಚ್ಚಿದ್ದರೂ ನಾನು ಎಂಥ ಜಾಗದಲ್ಲಿ ಕುಳಿತು ಕೇಳಿದವಳು? ಸವಣೂರಿನ ಸಂಬಂಧಿಕರ ಮನೆಯಲ್ಲಿ ರಾತ್ರಿಯಿಡೀ ಬೈಠಕ್ ನಡೆಯುತ್ತಿತ್ತು. ಗಂಡಸರು ಪಡಸಾಲೆಯಲ್ಲಿ, ಮುತ್ತೈದೆಯರು ಬಾಗಿಲ ಮರೆಯಲ್ಲಿ. ಗಂಡ ಹೋದ ಮೇಲೆ ನನ್ನ ಜಾಗ ಅವರಿಗೂ ಹಿಂದೆ, ನೀರಿನ ಹಂಡೆಯ ಪಕ್ಕ. ತಬಲಾದ ಸಪ್ಪಳ ಗೋಡೆಯಿಂದ ಬರುತ್ತಿತ್ತು, ಹಾಡಿನ ತಾನುಗಳಲ್ಲಿ ಅರ್ಧ ಹಂಡೆಯ ಒಲೆಯ ಹೊಗೆಯಲ್ಲಿ ಹೋಗುತ್ತಿದ್ದವು. ಇಲ್ಲಿ ನವಿಲುಜುಟ್ಟಿನ ಒಬ್ಬ ದಾರಿ ಬಿಡಿಸಿ, ನನ್ನ ಕೈಚೀಲವನ್ನು ತಾನು ಹಿಡಿದುಕೊಂಡು, ಎಲ್ಲರಿಗಿಂತ ಮುಂದೆ ನನ್ನನ್ನು ನಿಲ್ಲಿಸಿದ. ಹಾಡುವವಳ ಕುತ್ತಿಗೆಯ ನರ ಉಬ್ಬುವುದು ಕಾಣುವಷ್ಟು ಹತ್ತಿರದಿಂದ ನಾನು ಹಾಡು ಕೇಳಿದ್ದು ಅದೇ ಮೊದಲು.

ಕಾರಖಾನೆಯಲ್ಲಿ ಕೆಲಸ ಮಾಡಿಸುವ ಮುಕಾದಮನನ್ನು ಬೈಯುವ ಹಾಡು ಅದು. ಕೊನೆಯಲ್ಲಿ ಜಿಲ್ ಒಂದು ಶಬ್ದ ಹಿಡಿದು, ಉಸಿರು ಮುಗಿದರೂ ಬಿಡದೆ ಎಳೆದಳು. ದನಿ ಒಡೆಯಿತು, ಆದರೂ ಬಿಡಲಿಲ್ಲ. ನನ್ನ ಬಾಯಿಂದ "ವಾಹ್ವಾ" ಎಂದು ಬಂದುಬಿಟ್ಟಿತು. ಬೈಠಕ್ಕಿನಲ್ಲಿ ಗಂಡಸರು ತಲೆ ಅಲ್ಲಾಡಿಸುತ್ತ ಹೇಳುವ ಮಾತು. ನಮ್ಮ ಮನೆಯ ಹೆಣ್ಣುಮಕ್ಕಳು ಯಾರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಪಕ್ಕದ ಹುಡುಗನಿಗೆ ಅದು ಇಷ್ಟವಾಯಿತು, ಅವನೂ ಕೂಗಿದ. ಗಳಿಗೆಯೊಳಗೆ ನೆಲಮಾಳಿಗೆಯೆಲ್ಲ ವಾಹ್ವಾ ವಾಹ್ವಾ ಎಂದು ಕುಣಿಯುತ್ತಿತ್ತು. ಮುಂದೆ ಜಿಲ್ ಎಲ್ಲಿ ಹಾಡಿದರೂ ಅವಳ ಮಂದಿ ಹಾಗೆಯೇ ಕೂಗುತ್ತಿದ್ದರು. ಅದು ಎಲ್ಲಿಯ ಶಬ್ದವೆಂದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಹೋಗಲಿಲ್ಲ.

ರಾತ್ರಿ ಪಾಳಿ ಇಲ್ಲದಾಗಲೆಲ್ಲ ಹೋಗತೊಡಗಿದೆ. ಮೂಗಿಗೆ ಪೆಟ್ಟು ಬಿದ್ದವರಿಗೆ ಪಟ್ಟಿ ಕಟ್ಟಿದೆ. ದಾರಿಯಲ್ಲಿ ಕೆಲವರು ನನ್ನ ಬಣ್ಣ ನೋಡಿ ಕೆಟ್ಟ ಮಾತು ಆಡಿದ್ದುಂಟು. ಅಂಥ ದಿನ ಈ ಹರಕು ಅಂಗಿಯ ಹುಡುಗರು ಸುತ್ತುಗಟ್ಟಿ ಮನೆ ಮುಟ್ಟಿಸಿದ್ದಾರೆ. ಎಲ್ಲ ಮುಗಿಸಿ ಬಂದು ಎಡ್ನಾಬಾಯಿಯ ಪುಸ್ತಕ ಹಿಡಿದು ಮಲಗಿದರೆ ಕೊಲೆ ಮಾಡಿದವರು ಯಾರೆಂದು ಗೊತ್ತಾಗುವುದರೊಳಗೆ ನಿದ್ದೆ. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ನಿದ್ದೆಯನ್ನು ನಾನು ಮಾಡಿದ್ದೇ ಇಲ್ಲ.

ಮರುವರ್ಷದ ಚಳಿಗಾಲದಲ್ಲಿ ಜಿಲ್‌ಳ ತಂಡಕ್ಕೆ ದೂರದೂರುಗಳಲ್ಲಿ ಹಾಡಲು ಕರೆ ಬಂತು. ಒಂದು ಹಳೆಯ ವ್ಯಾನು, ನಾಲ್ಕು ಜನ, ಊರಿಂದ ಊರಿಗೆ. ಜಿಲ್‌ಗೆ ತಾಯಿ ಇರಲಿಲ್ಲ. ಹೊರಡುವ ಹಿಂದಿನ ರಾತ್ರಿ ನಾನು ಹಾಸಿಗೆಯಲ್ಲಿ ಹೊರಳಾಡಿದೆ. ಮಗಳು ಹೊರಟಿದ್ದಾಳೆ, ಉಡಿ ತುಂಬುವವರು ಯಾರೂ ಇಲ್ಲ, ನಾನಿದ್ದೇನೆ, ಆದರೆ ನಾನು ತುಂಬಬಾರದವಳು. ಅಲಿಬಿ ಇದ್ದರೇನಾಯಿತು? ಮನಸ್ಸಿನೊಳಗೆ ಸೋದರತ್ತೆ ಇನ್ನೂ ದೇವರ ಮನೆಯಿಂದಲೇ ಕೇಳುತ್ತಿದ್ದಳು. ಬೆಳಗಾಗುವ ಹೊತ್ತಿಗೆ ನಿರ್ಧಾರ ಮಾಡಿದೆ. ಒಂದು ಸೇರು ಅಕ್ಕಿ ಕಟ್ಟಿದೆ. ತೆಂಗಿನಕಾಯಿ ಸಿಗದೆ, ಕೇಕಿಗೆ ಹಾಕುವ ಒಣಕೊಬ್ಬರಿ ಪುಡಿಯ ಪೊಟ್ಟಣ ಇಟ್ಟೆ. ಟ್ರಂಕಿನ ತಳದಲ್ಲಿದ್ದ ಕೆಂಪು ಖಣವನ್ನು ಮೇಲೆ ಇಟ್ಟೆ.

ಜಿಲ್‌ಗೆ ಸೆರಗು ಎಲ್ಲಿಂದ ಬರಬೇಕು? ಚರ್ಮದ ಕೋಟಿನ ಎರಡೂ ತುದಿ ಹಿಡಿದುಕೊಂಡು ನಿಂತಳು. ನಾನು ಮೊದಲೇ ತಿಳಿಸಿದೆ, "ನನ್ನ ಕೈಲೆ ತುಂಬಿಸ್ಕೋಬಾರದು ಅಂತಾರ. ಬ್ಯಾಡಾದ್ರ ಈಗ ಹೇಳು." ಅವಳು ಕೈಯಿಂದ ತನ್ನ ನೆತ್ತಿ ಸವರಿಕೊಂಡಳು. "ನನ್ನ ತಲಿ ನಾನ ಬೋಳಿಸ್ಕೊಂಡಾಕಿ ನಾನು. ಹಾಕು." ಕೆಲವು ಕಾಳು ನೆಲಕ್ಕೆ ಚೆಲ್ಲಿದವು. ಎಡ್ನಾಬಾಯಿ ಗುಡಿಸಹೋದರೆ ನಾನು ಬಿಡಲಿಲ್ಲ, ಒಂದೊಂದಾಗಿ ಆರಿಸಿ ಕೊಟ್ಟೆ.

ಅವರು ಮರಳಬೇಕಾದ ದಿನ ಹಿಮ ಬಿತ್ತು. ಸಂಜೆಯಾಯಿತು, ವ್ಯಾನು ಬರಲಿಲ್ಲ. ಗುಡ್ಡದ ದಾರಿ ಮುಚ್ಚಿದೆ, ಎಷ್ಟೋ ಗಾಡಿಗಳು ಸಿಕ್ಕಿಬಿದ್ದಿವೆ ಎಂದು ರೇಡಿಯೋ ಹೇಳಿತು. ಫೋನು ಬರಲಿಲ್ಲ. ನಾನು ಅಡುಗೆಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕುಳಿತೆ. ಮಾಡಿದವಳು ನಾನೇ. ಬೇಡ ಬೇಡ ಎಂದು ಹಿರಿಯರು ಹೇಳಿದ್ದನ್ನು ಮೀರಿ ಆ ತಾಯಿಯಿಲ್ಲದ ಹುಡುಗಿಯ ಮೇಲೆ ನನ್ನ ಕೈ ಆಡಿಸಿದ್ದೆ. ಹಿರೇಕೆರೂರಿನವರ ಮಾತು ನಿಜವೇ ಆದರೆ ಇನ್ನು ನಾನು ಯಾರ ಮುಖ ನೋಡಲಿ, ಆಸ್ಪತ್ರೆಯಲ್ಲಿ ಯಾವ ರೋಗಿಯನ್ನು ಮುಟ್ಟಲಿ? ಎಡ್ನಾಬಾಯಿ ಬಂದು ಪಕ್ಕದಲ್ಲಿ ಕುಳಿತಳು. ಅಲಿಬಿಯ ಮಾತು ತೆಗೆಯಲಿಲ್ಲ. ಕಾದಂಬರಿಯನ್ನು ಗಟ್ಟಿಯಾಗಿ ಓದಿ ಹೇಳತೊಡಗಿದಳು. ಅವಳೂ ಓದಿದ ಪುಟವನ್ನೇ ಮತ್ತೆ ಓದುತ್ತಿದ್ದಳು.

ಮರುದಿನ ಮಧ್ಯಾಹ್ನ ಜಿಲ್ ಬಂದಳು. ದನಿ ಪೂರ್ತಿ ಹೋಗಿತ್ತು, ಮೂಗು ಸೋರುತ್ತಿತ್ತು, ಕೈಕಾಲು ನೆಟ್ಟಗಿದ್ದವು. ಗುಡ್ಡದ ಮೇಲೆ ರಾತ್ರಿಯಿಡೀ ವ್ಯಾನಿನಲ್ಲಿಯೇ ಇದ್ದರಂತೆ. ತಿನ್ನಲು ಏನೂ ಇರಲಿಲ್ಲ. ಟೀ ಕಾಸುವ ಸಣ್ಣ ಒಲೆಯ ಮೇಲೆ ಹಿಮ ಕರಗಿಸಿ, ನನ್ನ ಉಡಿಯಕ್ಕಿ ಬೇಯಿಸಿ, ಕೊಬ್ಬರಿ ಪುಡಿ ಬೆರೆಸಿ ನಾಲ್ವರೂ ತಿಂದರಂತೆ. ಖಣವನ್ನು ತಲೆಗೆ ಸುತ್ತಿಕೊಂಡಿದ್ದಳು, ಬೋಳುತಲೆಗೆ ಚಳಿ ತಡೆಯಲಿಲ್ಲವೆಂದು. ಇಷ್ಟನ್ನೂ ಪಿಸುದನಿಯಲ್ಲಿ ಹೇಳಿ, ನಿನ್ನ ಅಕ್ಕಿ ಇರದಿದ್ದರೆ ಉಪವಾಸ ಸಾಯುತ್ತಿದ್ದೆವು ಎಂದಳು. ನಾನು ಅವಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಅಂದಿನಿಂದ ನಾನು ಯಾರಿಂದಲೂ ಅಡಗಿಕೊಂಡಿಲ್ಲ.

೧೯೮೩ರಲ್ಲಿ ಮೊದಲ ಸಲ ಊರಿಗೆ ಹೋದೆ. ಹೆದ್ದಾರಿಯಲ್ಲಿ ಬಸ್ಸು ಇಳಿಯುವಾಗ ಕಂಡಕ್ಟರಿಗೆ ಥ್ಯಾಂಕ್ಯೂ ಎಂದೆ. ಅವನು ಚಿಲ್ಲರೆ ಕೇಳಿದೆನೆಂದು ತಿಳಿದು ಸಿಡುಕಿದ. ಚಹಾ ವಿಪರೀತ ಸಿಹಿ ಎನ್ನಿಸಿತು. ಐದು ವರ್ಷ ಯಾವ ಊಟಕ್ಕಾಗಿ ಹಂಬಲಿಸಿದ್ದೆನೋ ಅದನ್ನು ಉಂಡು ಹೊಟ್ಟೆ ಕೆಟ್ಟಿತು. ಓಣಿಯ ಗೌಡರ ಮನೆಯ ಅಕ್ಕ, "ಹ್ಯಾಂಗ ಇದ್ದೀರಿ ಅಲ್ಲಿ, ಯಾರ್ ಕೂಡ ಮಾತಾಡ್ತೀರಿ, ಬರ್ರಿ ಕುಂಡ್ರಿ, ಎಲ್ಲಾ ಹೇಳ್ರಿ" ಎಂದು ಕೂಡಿಸಿಕೊಂಡಳು. ಆದರೆ ನಾನು ಹೇಳಬೇಕಾದದ್ದು ಮನೆಯಲ್ಲಿತ್ತು. ರಾತ್ರಿ ಊಟವಾದ ಮೇಲೆ ಅವ್ವನಿಗೂ ಸೋದರತ್ತೆಗೂ ಜಿಲ್‌ಳ ಕಥೆ ಹೇಳಿದೆ. ಹಿಮ, ವ್ಯಾನು, ಅಕ್ಕಿ ಒಂದನ್ನೂ ಬಿಡದೆ ಹೇಳಿದೆ. ಉಡಿ ತುಂಬಿದ್ದು ನಾನೇ ಎಂಬುದನ್ನೂ ಹೇಳಿದೆ.

ಸೋದರತ್ತೆ ಬೈಯುತ್ತಾಳೆಂದು ಕಾದೆ. ಅವಳು ಕೇಳಿದ್ದು ಬೇರೆ. "ತಲಿ ಬೋಳಿಸೂ ಮುಂದ ಆಕಿನ್ನ ಯಾರೂ ಹಿಡದು ಕೂಡಸಲಿಲ್ಲೇನು?"

"ಇಲ್ಲ ಅತ್ತಿ. ತಾನ ಮಾಡ್ಕೊಂಡ್ಲು."

"ಮತ್ತ ಬೆಳಸ್ತಾಳೇನು ಕೂದಲಾ?"

"ಮನಸ್ಸು ಬಂದ್ರ ಬೆಳಸ್ತಾಳ."

ಅವಳು ಸೆರಗು ಎಳೆದುಕೊಂಡು ಗೋಡೆಯ ಕಡೆ ಹೊರಳಿ ಮಲಗಿದಳು. ಹನ್ನೆರಡು ವರ್ಷದ ಆ ಹುಡುಗಿಯನ್ನು ಯಾರು ಯಾರು ಹಿಡಿದಿದ್ದರೋ ನಾನು ಎಂದೂ ಕೇಳಿರಲಿಲ್ಲ. ಅಷ್ಟು ವರ್ಷ ಅವಳ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಆ ರಾತ್ರಿ ನನ್ನಲ್ಲಿ ಉಳಿಯಲಿಲ್ಲ.

ಹೊರಡುವ ದಿನ ಬಂತು. ಅಪ್ಪ ಟ್ರಂಕು ಹೊರಿಸಿಕೊಂಡು ಮುಂದೆ ಹೋಗಿದ್ದರು. ಅವ್ವ ತಟ್ಟೆ ಹಿಡಿದುಕೊಂಡು ಪಡಸಾಲೆಗೆ ಬಂದು, ಅರ್ಧಕ್ಕೆ ನಿಂತು, ದೇವರ ಮನೆಯ ಕಡೆ ನೋಡಿದಳು. ನಾನೂ ನೋಡಿದೆ. ಸೋದರತ್ತೆ ತಲೆಯೆತ್ತದೆ ಬತ್ತಿ ಹೊಸೆಯುತ್ತ ಹೇಳಿದಳು, "ಏನ ನೋಡ್ತೀ ನನ್ನ? ತುಂಬು. ಆಕಿ ಕೈಯಾಗ ತುಂಬಿಸ್ಕೊಂಡಾಕಿ ಬದುಕ್ಯಾಳಂತ."

ನಾನು ಸೆರಗು ಒಡ್ಡಿದೆ. ಅವ್ವ ಅಕ್ಕಿ ಹಾಕಿದಳು, ಕೊಬ್ಬರಿ ಹಾಕಿದಳು, ಖಣ ಇಟ್ಟಳು. ಅವಳ ಕಣ್ಣೀರೂ ಅದರೊಳಗೇ ಬಿತ್ತು. ಉಡಿ ತುಂಬಿದ ತಾಯಿ ಮಗಳಿಗೆ ಹೇಳುವ ಮಾತನ್ನೇ ಅವಳು ಹೇಳಿದಳು, ಬೇರೆ ಮಾತು ಅವಳಿಗೆ ಗೊತ್ತಿರಲಿಲ್ಲ.

"ನಿನ್ನ ಮನಿಗೆ ಸುಖದಿಂದ ಮುಟ್ಟವಾ."

ನನ್ನ ಮನೆ. ಗಂಡ ಹೋದ ಮೇಲೆ ಹಿರೇಕೆರೂರು ನನ್ನ ಮನೆಯಾಗಿ ಉಳಿಯಲಿಲ್ಲ. ಲೀಡ್ಸಿನ ಚಳಿಯಲ್ಲಿ ಕುಳಿತು ನಮ್ಮ ಮನೆ ಎಂದಾಗಲೆಲ್ಲ ನಾನು ಹೇಳುತ್ತಿದ್ದದ್ದು ಈ ಪಡಸಾಲೆಯನ್ನೇ. ಉಡಿ ತುಂಬಿದವಳಿಗೆ ತವರು ಬೇರೆ, ಮನೆ ಬೇರೆ. ಎಷ್ಟೋ ವರ್ಷ ಬೇಡಿದ್ದನ್ನು ಅವ್ವ ಅಂದು ನನಗೆ ಮನಸಾರೆ ಕೊಟ್ಟಳು. ಅದೇ ಗಳಿಗೆಯಲ್ಲಿ ಶಿಗ್ಗಾಂವದ ಮನೆ ನನಗೆ ತವರಾಯಿತು, ಎಡ್ನಾಬಾಯಿಯ ಮನೆ ನನ್ನ ಮನೆಯಾಯಿತು. ನಾನು ತುಂಬಿದ ಸೆರಗನ್ನು ಎರಡೂ ಕೈಯಿಂದ ಹಿಡಿದುಕೊಂಡು, ಹೋಗಿ ಬರುತ್ತೇನೆ ಎಂದು ಹೇಳಿ ಹೊಸ್ತಿಲು ದಾಟಿದೆ.